ಚಿತ್ರದ ಕೆಳಗಿನ ಹೆಸರು



ನಿಮ್ಮಲ್ಲಿ ಬಹುಮಂದಿ ಈ ಚಿತ್ರವನ್ನು ಒಮ್ಮೆಯಾದರೂ ನೋಡಿರುತ್ತೀರಿ. ಸೀರೆಯುಟ್ಟ ಯುವತಿಯೊಬ್ಬಳು ಕತ್ತಲೆಯಲ್ಲಿ ನಿಂತಿದ್ದಾಳೆ. ಒಂದು ಕೈಯಲ್ಲಿ ಉರಿಯುವ ದೀಪ. ಗಾಳಿಗೆ ಆರದಿರಲೆಂದು ಇನ್ನೊಂದು ಕೈಯನ್ನು ಅದಕ್ಕೆ ಮರೆಮಾಡಿದ್ದಾಳೆ. ಬೆರಳುಗಳ ಸಂದಿನಲ್ಲಿ ಕೆಂಬೆಳಕು ಸೋರಿ, ಅವಳ ಮುಖದ ಮೇಲೆ ಹೊಂಬಣ್ಣವಾಗಿ ಹರಡಿದೆ. ಮೂಲಚಿತ್ರವಿರುವುದು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ. ಅದರ ಅಚ್ಚುಗಳಾದರೋ ಕ್ಯಾಲೆಂಡರಾಗಿ, ಕಟ್ಟು ಹಾಕಿಸಿದ ಪಟವಾಗಿ ನಾಡಿನ ಮೂಲೆಮೂಲೆಗೂ ಹೋಗಿವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅಥವಾ ಜಗಳೂರಿನ ಯಾವುದಾದರೊಂದು ಗೋಡೆಯ ಮೇಲೆ ಅದು ಕಂಡರೆ ಆಶ್ಚರ್ಯವೇನೂ ಇಲ್ಲ.

ಈ ಚಿತ್ರವನ್ನು ಬರೆದವರು ಯಾರು ಎಂದು ಕೇಳಿ ನೋಡಿ. ಹತ್ತರಲ್ಲಿ ಎಂಟು ಮಂದಿ ತಡವರಿಸದೆ, "ಇನ್ನಾರು, ರಾಜಾ ರವಿವರ್ಮ" ಎಂದು ಹೇಳಿಯಾರು. ಆ ಉತ್ತರ ತಪ್ಪು. ಚಿತ್ರವನ್ನು ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಕಲಾವಿದ ಎಸ್. ಎಲ್. ಹಳದಣಕರ್. ಅದರ ಹೆಸರು 'ಗ್ಲೋ ಆಫ್ ಹೋಪ್', ಅಂದರೆ ಭರವಸೆಯ ಬೆಳಕು. ಅದು ರವಿವರ್ಮರ ಚಿತ್ರಗಳಂತೆ ತೈಲವರ್ಣದ್ದೂ ಅಲ್ಲ, ಜಲವರ್ಣದ್ದು.

ಹೆಸರು ಯಾರದಾದರೇನು, ಚಿತ್ರ ಚೆನ್ನಾಗಿದ್ದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಒಬ್ಬನ ದುಡಿಮೆಯ ಫಲ ಇನ್ನೊಬ್ಬನ ಹೆಸರಿಗೆ ಜಮೆಯಾದರೆ ಅದು ಅನ್ಯಾಯವೂ ಹೌದು, ಇತಿಹಾಸದ ತಪ್ಪೂ ಹೌದು. ಇಂಥ ತಪ್ಪು ಹೇಗೆ ಹುಟ್ಟುತ್ತದೆ, ಅದನ್ನು ತಿದ್ದುವ ಬಗೆ ಯಾವುದು ಎಂಬುದೇ ಈ ಲೇಖನದ ವಿಷಯ.

ಹೆಸರು ಅಂಟಿಕೊಳ್ಳುವ ಬಗೆ

ರವಿವರ್ಮರು 1848ರಲ್ಲಿ ಕೇರಳದ ಕಿಳಿಮಾನೂರಿನಲ್ಲಿ ಹುಟ್ಟಿದರು. ಯೂರೋಪಿನ ತೈಲವರ್ಣದ ವಿಧಾನವನ್ನು ತಿರುವಾಂಕೂರಿನ ಅರಮನೆಯಲ್ಲಿ ನೋಡಿ ಕಲಿತು, ನಮ್ಮ ಪುರಾಣದ ಪಾತ್ರಗಳಿಗೆ ಮನುಷ್ಯರ ಮೈಬಣ್ಣವನ್ನೂ ಸೀರೆಯ ನೆರಿಗೆಯನ್ನೂ ಕೊಟ್ಟರು. ಮೈಸೂರಿನ ಒಡೆಯರೂ ಅವರಿಂದ ಚಿತ್ರಗಳನ್ನು ಬರೆಸಿದರು. 1894ರಲ್ಲಿ ಅವರು ಮುಂಬಯಿಯಲ್ಲಿ ಒಂದು ಮುದ್ರಣಾಲಯವನ್ನು ತೆರೆದರು. ಕಲ್ಲಚ್ಚಿನ ಮೂಲಕ ಅನೇಕ ಬಣ್ಣಗಳಲ್ಲಿ ತೆಗೆದ ಲಕ್ಷ್ಮಿ, ಸರಸ್ವತಿಯರ ಪಟಗಳು ಅಲ್ಲಿಂದ ದೇಶದ ಮನೆಮನೆಯ ದೇವರ ಗೂಡನ್ನು ಸೇರಿದವು. ಮುಂದೆ ಆ ಮುದ್ರಣಾಲಯ ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್ ಅವರ ಕೈಗೆ ಹೋಯಿತು. ಆದರೂ 'ರವಿವರ್ಮ ಪ್ರೆಸ್' ಎಂಬ ಹೆಸರು ಉಳಿಯಿತು. 1906ರಲ್ಲಿ ರವಿವರ್ಮರು ತೀರಿಕೊಂಡ ಮೇಲೂ ಆ ಹೆಸರಿನ ಪಟಗಳು ಬರುತ್ತಲೇ ಇದ್ದವು.

ಹೀಗಾಗಿ 'ರವಿವರ್ಮ' ಎಂಬುದು ಒಬ್ಬ ವ್ಯಕ್ತಿಯ ಹೆಸರಾಗಿದ್ದುದು ಕ್ರಮೇಣ ಒಂದು ಬಗೆಯ ಚಿತ್ರದ ಹೆಸರಾಯಿತು. ಸೀರೆಯುಟ್ಟ ಸುಂದರ ಸ್ತ್ರೀ, ತುಂಬು ಬಣ್ಣ, ನಿಜದಂತೆ ಕಾಣುವ ಮುಖ, ಇಷ್ಟಿದ್ದರೆ ಜನ 'ರವಿವರ್ಮನ ಪಟ' ಎಂದರು. ದೀಪ ಹಿಡಿದ ಯುವತಿಯ ಚಿತ್ರಕ್ಕೆ ಇನ್ನೊಂದು ಕಾರಣವೂ ಸೇರಿತು. ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ನಿಜವಾದ ತೈಲವರ್ಣ ಚಿತ್ರಗಳೂ ಇವೆ. ಒಂದೇ ಕಟ್ಟಡದಲ್ಲಿ ಎರಡನ್ನೂ ನೋಡಿ ಬಂದವರು ಊರಿಗೆ ಮರಳುವಷ್ಟರಲ್ಲಿ ಎರಡೂ ಒಬ್ಬರವೇ ಆಗಿಬಿಡುತ್ತವೆ. ದೊಡ್ಡ ಹೆಸರು ದೊಡ್ಡ ಆಲದ ಮರದಂತೆ. ಅದರ ನೆರಳಿನಲ್ಲಿ ನಿಂತ ಗಿಡದ ಗುರುತು ಹತ್ತುವುದಿಲ್ಲ.

ಶಾಸನಗಳು ಕಲಿಸುವ ಪಾಠ

ಒಂದು ಕೃತಿ ಯಾರದು, ಯಾವ ಕಾಲದ್ದು ಎಂದು ತೀರ್ಮಾನಿಸುವುದಕ್ಕೆ ಕರ್ತೃತ್ವ ನಿರ್ಣಯ ಎನ್ನುತ್ತಾರೆ. ಇದೇನೂ ಪರದೇಶದ ವಿದ್ಯೆಯಲ್ಲ. ನಿಮ್ಮ ಊರಿನ ಹೊಲದ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ ನಿಂತಿರುವ ಶಾಸನದ ಕಲ್ಲುಗಳನ್ನು ಓದಿದವರು ಮಾಡಿದ ಕೆಲಸವೂ ಇದೇ.

ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಚನ್ನಗಿರಿಯ ಶಾಸನಗಳೂ, ಆಗ ನ್ಯಾಮತಿಯನ್ನು ಒಳಗೊಂಡಿದ್ದ ಹೊನ್ನಾಳಿ ತಾಲ್ಲೂಕಿನ ಶಾಸನಗಳೂ ಅದರ 7ನೆಯ ಸಂಪುಟದಲ್ಲಿವೆ. ಜಗಳೂರಿನವು 11ನೆಯ ಸಂಪುಟದಲ್ಲಿವೆ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಇವನ್ನು 'ದಾವಣಗೆರೆ ಜಿಲ್ಲೆ' ಎಂಬ ಶೀರ್ಷಿಕೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಹಳೆಯ ಸಂಪುಟಗಳಲ್ಲಿ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲೂ ಇವೆ. ವಸ್ತು ಇದ್ದಲ್ಲೇ ಇದ್ದರೂ ಅದರ ಮೇಲಿನ ಚೀಟಿ ಬದಲಾಗುತ್ತದೆ. ಚೀಟಿಯನ್ನು ಕುರುಡಾಗಿ ನಂಬಬಾರದೆಂಬ ಮೊದಲ ಪಾಠ ಇಲ್ಲಿಯೇ ಇದೆ.

ಎರಡನೆಯ ಪಾಠ ತಾಮ್ರಪಟಗಳದು. ಹಳೆಯ ದೊರೆಯೊಬ್ಬ ಕೊಟ್ಟ ದಾನವೆಂದು ಹೇಳಿಕೊಳ್ಳುವ ತಾಮ್ರಪಟಗಳಲ್ಲಿ ಕೆಲವು, ಭೂಮಿಯ ಹಕ್ಕನ್ನು ಸಾಧಿಸಲೆಂದು ಮುಂದೆ ಯಾರೋ ಕೆತ್ತಿಸಿದ ಕೃತಕ ಪಟಗಳು. ಗಂಗರ ಕಾಲದವೆನ್ನುವ ಅನೇಕ ಪಟಗಳು ಹೀಗೆ ಕೃತಕವೆಂದು ಜೆ. ಎಫ್. ಫ್ಲೀಟ್ ವಾದಿಸಿದರು. ರೈಸ್ ಅವರು ಅದನ್ನು ಒಪ್ಪಲಿಲ್ಲ. ಇಬ್ಬರ ನಡುವೆ ದೀರ್ಘವಾದ ಚರ್ಚೆ ನಡೆಯಿತು. ಚರ್ಚೆಯ ಆಧಾರಗಳೇನು? ಅಕ್ಷರಗಳ ಆಕಾರ ಹೇಳಿದ ಕಾಲಕ್ಕೆ ಹೊಂದುತ್ತದೆಯೇ? ತಿಥಿ, ವಾರಗಳು ಲೆಕ್ಕಕ್ಕೆ ಕೂಡಿಬರುತ್ತವೆಯೇ? ಭಾಷೆ ಆ ಶತಮಾನದ್ದೇ? ಪಟ ಯಾರ ಮನೆಯಲ್ಲಿ ಸಿಕ್ಕಿತು? ಈ ಪ್ರಶ್ನೆಗಳನ್ನು ಹಾಗೆಯೇ ಎತ್ತಿ ಒಂದು ಚಿತ್ರದ ಮುಂದೆ ಇಟ್ಟರೆ ಕಲೆಯ ಇತಿಹಾಸಕಾರನ ಕೆಲಸ ಆರಂಭವಾದಂತೆಯೇ.

ಫ್ರಾನ್ಸಿನ ಹಳ್ಳಿಯ ಚಿತ್ರಗಳು

ಚಿತ್ರಗಳ ವಿಷಯದಲ್ಲಿ ಈ ಪ್ರಶ್ನೆಗಳು ಎಷ್ಟು ಅಗತ್ಯವೆಂಬುದನ್ನು 19ನೆಯ ಶತಮಾನದ ಫ್ರಾನ್ಸು ಚೆನ್ನಾಗಿ ತೋರಿಸಿಕೊಟ್ಟಿತು. ರಾಜರನ್ನೂ ದೇವತೆಗಳನ್ನೂ ಬಿಟ್ಟು, ಹೊಲ, ಕಾಡು, ದನ, ರೈತರನ್ನು ತೈಲವರ್ಣದಲ್ಲಿ ಬರೆಯುವ ಕಲಾವಿದರ ಗುಂಪೊಂದು ಆಗ ಪ್ಯಾರಿಸ್ಸಿಗೆ ದೂರವಲ್ಲದ ಬಾರ್ಬಿಝೋನ್ ಎಂಬ ಹಳ್ಳಿಯ ಸುತ್ತ ಬೆಳೆಯಿತು. ಕೊರೋ ಮತ್ತು ಮಿಯೆ ಅವರಲ್ಲಿ ಹೆಸರಾದವರು. ಇಬ್ಬರೂ 1875ರಲ್ಲಿ ತೀರಿಕೊಂಡರು. ಅವರ ಚಿತ್ರಗಳಿಗೆ ಬೆಲೆ ಏರಿತು. ಬೆಲೆ ಏರಿದ ಕೂಡಲೇ ಸುಳ್ಳು ರುಜುಗಳೂ ಬಂದವು.

1883ರಲ್ಲಿ ಪ್ರಸಿದ್ಧ ಲೇಖಕ ಅಲೆಕ್ಸಾಂಡರ್ ದ್ಯೂಮಾ (ಕಿರಿಯ) ಬಳಿಯಿದ್ದ ಒಂದು 'ಕೊರೋ' ಚಿತ್ರ ನಿಜವಾಗಿ ತ್ರೂಯ್‌ಬೇರ್ ಎಂಬ ಇನ್ನೊಬ್ಬ ಕಲಾವಿದನದೆಂದು ಬಯಲಾಯಿತು. ಯಾರೋ ಅವನ ರುಜುವನ್ನು ಕೆರೆದು ತೆಗೆದು ಕೊರೋನ ರುಜು ಹಾಕಿದ್ದರು. ತ್ರೂಯ್‌ಬೇರ್ ಕಳಪೆ ಕಲಾವಿದನಾಗಿರಲಿಲ್ಲ. ತನ್ನ ಚಿತ್ರ ತನ್ನದೇ ಎಂದು ಸಾಧಿಸಲು ಅವನು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಕೊರೋನಿಂದಲೂ ಸ್ವಲ್ಪ ಗೊಂದಲ ಹೆಚ್ಚಿತೆನ್ನಬೇಕು. ಧಾರಾಳ ಮನಸ್ಸಿನ ಆತ ಶಿಷ್ಯರ, ಬಡ ಗೆಳೆಯರ ಚಿತ್ರಗಳನ್ನು ತಿದ್ದಿ ತನ್ನ ರುಜು ಹಾಕಿಕೊಟ್ಟದ್ದೂ ಉಂಟು. ಮಿಯೆಯ ಹೆಸರಿಗಂತೂ ಸ್ವಂತ ಮೊಮ್ಮಗನೇ ಸಂಚಕಾರ ತಂದ. ಅವನು ಇನ್ನೊಬ್ಬನೊಡನೆ ಸೇರಿ ಅಜ್ಜನ ಹೆಸರಿನಲ್ಲಿ ಕೃತಕ ಚಿತ್ರಗಳನ್ನು ಮಾರಿದ ಸಂಗತಿ 1930ರ ದಶಕದಲ್ಲಿ ನ್ಯಾಯಾಲಯಕ್ಕೆ ಬಂತು. ಮನೆತನದವರೇ ಕೊಟ್ಟ ಚಿತ್ರವೆಂಬ ಮಾತೂ ಸಾಕ್ಷ್ಯವಾಗಲಾರದೆಂದು ಇದರಿಂದ ತಿಳಿಯುತ್ತದೆ.

ಆದರೆ ಚಿತ್ರವನ್ನು ಅರಿಯುವುದೆಂದರೆ ಮೋಸವನ್ನು ಹಿಡಿಯುವುದು ಮಾತ್ರವಲ್ಲ. ಮಿಯೆ 1857ರಲ್ಲಿ ಬರೆದ ಒಂದು ಚಿತ್ರದಲ್ಲಿ ಮೂವರು ಹೆಂಗಸರು ಕೊಯ್ದ ಹೊಲದಲ್ಲಿ ಬಿದ್ದ ತೆನೆಗಳನ್ನು ಆಯುತ್ತಿದ್ದಾರೆ. ಇದಕ್ಕೆ ನಮ್ಮಲ್ಲಿ ಹಕ್ಕಲು ಆಯುವುದು ಎಂಬ ಮಾತಿದೆ. ಅವರ ಹಿಂದೆ, ದೂರದಲ್ಲಿ, ದೊಡ್ಡ ಬಣವೆಗಳಿವೆ. ಕುದುರೆಯ ಮೇಲೆ ಕುಳಿತು ಕೆಲಸ ನೋಡಿಕೊಳ್ಳುವವನೊಬ್ಬನಿದ್ದಾನೆ. ಅಷ್ಟು ಬೆಳೆ ಅಲ್ಲಿ. ಇಷ್ಟು ತೆನೆ ಇವರ ಕೈಯಲ್ಲಿ. ಮಿಯೆ ನಾರ್ಮಂಡಿಯ ರೈತನ ಮಗ. ಬಗ್ಗಿದ ಬೆನ್ನಿನ ನೋವನ್ನು ಕಂಡು ಬೆಳೆದವನು. ಜಗಳೂರಿನ ಬೆದ್ದಲು ಹೊಲದಲ್ಲಿ ಬೆಳೆದ ವಿದ್ಯಾರ್ಥಿಗೆ ಈ ಚಿತ್ರವನ್ನು ಅರ್ಥಮಾಡಿಸಲು ಬೇರೆ ಪಂಡಿತರು ಬೇಕಿಲ್ಲ. ತೆನೆ ಹಿಡಿದ ಬೆರಳು, ನಡುವಿನ ಬಾಗು, ಉಡಿಯ ಕಟ್ಟು ನಿಜವೋ ಅಲ್ಲವೋ ಎಂದು ಅವನ ಕಣ್ಣೇ ಹೇಳುತ್ತದೆ. ಬದುಕಿನ ಅನುಭವವೂ ಚಿತ್ರ ಪರೀಕ್ಷೆಯ ಒಂದು ಸಾಧನವೆಂಬುದನ್ನು ಮರೆಯಬಾರದು.

ಮೂರು ಸಾಕ್ಷಿಗಳು

ಕರ್ತೃತ್ವ ನಿರ್ಣಯಕ್ಕೆ ಮುಖ್ಯವಾಗಿ ಮೂರು ಬಗೆಯ ಸಾಕ್ಷ್ಯಗಳಿವೆ. ಮೊದಲನೆಯದು ವಸ್ತುವಿನ ಸಾಕ್ಷ್ಯ. ಚಿತ್ರ ಯಾವುದರ ಮೇಲೆ ಬರೆದದ್ದು, ಯಾವ ಬಣ್ಣದಿಂದ ಬರೆದದ್ದು ಎಂದು ನೋಡಬೇಕು. ಬಣ್ಣಗಳಿಗೂ ಹುಟ್ಟಿದ ವರ್ಷಗಳಿವೆ. ಕೃತಕ ಅಲ್ಟ್ರಾಮರೀನ್ ನೀಲಿ ಬಂದದ್ದು 1820ರ ದಶಕದ ಕೊನೆಗೆ. ಬಣ್ಣವನ್ನು ತುಂಬಿ ಹೊರಗೆ ಒಯ್ಯಬಲ್ಲ ಲೋಹದ ಟ್ಯೂಬು 1841ರಲ್ಲಿ ಬಂತು. ಹೊಲದ ನಡುವೆ ನಿಂತು ತೈಲವರ್ಣದಲ್ಲಿ ಬರೆಯುವುದು ಸುಲಭವಾದದ್ದು ಆಮೇಲೆಯೇ. ಟೈಟೇನಿಯಂ ಬಿಳಿ ಬಳಕೆಗೆ ಬಂದದ್ದು 20ನೆಯ ಶತಮಾನದಲ್ಲಿ. 1860ರದ್ದೆಂದು ಹೇಳುವ ಚಿತ್ರದ ಮೂಲ ಪದರದಲ್ಲಿ ಟೈಟೇನಿಯಂ ಬಿಳಿ ಸಿಕ್ಕರೆ ಆ ಮಾತು ನಿಲ್ಲುವುದಿಲ್ಲ. ಮುಂದೆ ಯಾರೋ ತೇಪೆ ಹಾಕಿದ ಜಾಗದಲ್ಲಿ ಮಾತ್ರ ಸಿಕ್ಕರೆ ಅದು ಬೇರೆ ಸಂಗತಿ.

ಎರಡನೆಯದು ಶೈಲಿಯ ಸಾಕ್ಷ್ಯ. ಕೈಬರಹದಂತೆಯೇ ಕುಂಚಕ್ಕೂ ಅವರವರ ವರಸೆಯಿರುತ್ತದೆ. ಕಿವಿ, ಉಗುರು, ಎಲೆ, ಸೆರಗಿನ ಅಂಚು ಮುಂತಾದ ಸಣ್ಣ ಭಾಗಗಳಲ್ಲಿ ಅದು ಹೆಚ್ಚು ಕಾಣುತ್ತದೆ. ಆದರೆ ಒಂದೇ ಕೃತಿಯಲ್ಲಿ ಎರಡು ಕೈಗಳಿರಬಹುದು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋದವರಿಗೆ ಇದು ತಿಳಿದೀತು. ಅಲ್ಲಿನ ಪುಷ್ಕರಣಿ ಪಾಳೆಯಗಾರ ಕೆಂಗ ಹನುಮಪ್ಪನಾಯಕನ ಹೆಸರಿನಲ್ಲಿದೆ. ಪಕ್ಕದ ಮುಸಾಫಿರಖಾನೆಯಾದರೋ ಬಿಜಾಪುರದ ಆಳ್ವಿಕೆಯೊಡನೆ ಬಂದದ್ದು. ಇಡೀ ಸ್ಥಳವನ್ನು ಒಬ್ಬರದೆಂದು ಹೇಳುವುದು ಸರಿಯಾಗದು. ರವಿವರ್ಮರ ಹಲವು ಚಿತ್ರಗಳಲ್ಲಿಯೂ ತಮ್ಮ ರಾಜರಾಜವರ್ಮರ ಕೈಯಿದೆ. ಹಿನ್ನೆಲೆಯ ನಿಸರ್ಗದಲ್ಲಿ ಅದು ವಿಶೇಷವಾಗಿ ಕಾಣುತ್ತದೆ.

ಮೂರನೆಯದು ದಾಖಲೆಯ ಸಾಕ್ಷ್ಯ. ಚಿತ್ರ ಬರೆದಾಗಿನಿಂದ ಇಂದಿನವರೆಗೆ ಯಾರಿಂದ ಯಾರಿಗೆ ಬಂತು, ಯಾವ ಪ್ರದರ್ಶನದಲ್ಲಿ ಇತ್ತು, ಯಾವ ಪಟ್ಟಿಯಲ್ಲಿ ನಮೂದಾಗಿದೆ ಎಂದು ವಿಚಾರಿಸಬೇಕು. ಹೊಲದ ಪಹಣಿ, ಕ್ರಯಪತ್ರಗಳನ್ನು ನೋಡುವ ಹಾಗೆ ಇದನ್ನೂ ನೋಡಬೇಕು. ನಡುವೆ ಒಂದು ಕೊಂಡಿ ಕಳಚಿದ್ದರೂ ಎಚ್ಚರ ಬೇಕು.

ಈ ಮೂರನ್ನೂ ದೀಪ ಹಿಡಿದ ಯುವತಿಯ ಚಿತ್ರಕ್ಕೆ ಹಚ್ಚಿ ನೋಡೋಣ. ವಸ್ತುವಿನ ಸಾಕ್ಷ್ಯ: ಚಿತ್ರ ಜಲವರ್ಣದ್ದು, ರವಿವರ್ಮರ ಖ್ಯಾತಿ ನಿಂತಿರುವುದು ತೈಲವರ್ಣದ ಮೇಲೆ. ಇದೊಂದರಿಂದಲೇ ತೀರ್ಮಾನ ಮಾಡಲಾಗದು, ಆದರೆ ಅನುಮಾನ ಹುಟ್ಟುತ್ತದೆ. ಶೈಲಿಯ ಸಾಕ್ಷ್ಯ: ರವಿವರ್ಮರ ಹೆಸರಾಂತ ಸ್ತ್ರೀಚಿತ್ರಗಳಲ್ಲಿ ಹೆಚ್ಚಾಗಿ ಒಂದು ಕಥೆಯಿರುತ್ತದೆ, ಪುರಾಣದ ಅಥವಾ ನಾಟಕದ ಸನ್ನಿವೇಶವಿರುತ್ತದೆ. ಇಲ್ಲಿ ಕಥೆಯಿಲ್ಲ. ಒಂದು ದೀಪ, ಒಂದು ಮುಖ, ಅವುಗಳ ನಡುವಿನ ಬೆಳಕು, ಇಷ್ಟೇ ಚಿತ್ರದ ವಿಷಯ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಜಲವರ್ಣದಲ್ಲಿ ಪಳಗಿದ ಹಳದಣಕರರ ಆಸಕ್ತಿಗೆ ಇದು ಸಹಜವಾಗಿ ಹೊಂದುತ್ತದೆ. ಜಲವರ್ಣದಲ್ಲಿ ಒಮ್ಮೆ ಬಿದ್ದ ಬಣ್ಣವನ್ನು ತೈಲವರ್ಣದಂತೆ ಮುಚ್ಚಿ ತಿದ್ದುವುದು ಕಷ್ಟ. ಬೆಳಕಿರುವ ಜಾಗವನ್ನು ಮೊದಲೇ ಯೋಚಿಸಿ ಕಾದಿರಿಸಬೇಕು. ಅಷ್ಟು ಕತ್ತಲೆಯ ನಡುವೆ ಅಷ್ಟು ಬೆಳಕನ್ನು ಉಳಿಸಿಕೊಂಡದ್ದೇ ಈ ಚಿತ್ರದ ಸಾಧನೆ.

ದಾಖಲೆಯ ಸಾಕ್ಷ್ಯ ಎಲ್ಲಕ್ಕಿಂತ ಗಟ್ಟಿಯಾದದ್ದು. ಚಿತ್ರಕ್ಕೆ ಸಾಮಾನ್ಯವಾಗಿ ಕೊಡುವ ಕಾಲ 1945–46. ದೀಪ ಹಿಡಿದು ನಿಂತವರು ಹಳದಣಕರರ ಸ್ವಂತ ಮಗಳು ಗೀತಾ. ಅವರು 2018ರಲ್ಲಿ ಕೊಲ್ಹಾಪುರದಲ್ಲಿ ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈಗ ನೀವೇ ಲೆಕ್ಕ ಹಾಕಿ. 2018ರಿಂದ 102 ವರ್ಷ ಕಳೆದರೆ 1916ರ ಸುಮಾರು. ರವಿವರ್ಮರು ಕಾಲವಾದದ್ದು 1906ರಲ್ಲಿ. ಅಂದರೆ ಚಿತ್ರದಲ್ಲಿರುವ ಯುವತಿ ಹುಟ್ಟುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ ರವಿವರ್ಮರು ಈ ಲೋಕವನ್ನು ಬಿಟ್ಟಿದ್ದರು. ಪ್ರಯೋಗಾಲಯ ಬೇಡ, ಭೂತಗನ್ನಡಿ ಬೇಡ. ಒಂದು ಕೂಡುವ ಕಳೆಯುವ ಲೆಕ್ಕದಿಂದಲೇ ದಶಕಗಳ ತಪ್ಪು ಬಿದ್ದುಹೋಗುತ್ತದೆ. ಈ ಲೆಕ್ಕವನ್ನು ಹಾಕಲು ಬೇಕಾದದ್ದು ಒಂದೇ, ಕೇಳಬೇಕೆಂಬ ಮನಸ್ಸು.

ಬೆಲೆಯೂ ಮೌಲ್ಯವೂ

ಹೆಸರು ತಿಳಿದ ಮೇಲೆ ಬರುವುದು ಮೌಲ್ಯದ ಪ್ರಶ್ನೆ. ಮಿಯೆ ಬರೆದ ಇನ್ನೊಂದು ಚಿತ್ರ 'ಆಂಜೆಲ್ಯೂಸ್'. ಸಂಜೆಯ ಗಂಟೆಯ ಸದ್ದು ಕೇಳಿ ಆಲೂಗಡ್ಡೆಯ ಹೊಲದಲ್ಲಿ ತಲೆಬಾಗಿ ನಿಂತ ರೈತ ದಂಪತಿಗಳ ಚಿತ್ರವದು. ಮಿಯೆಗೆ ಅದರಿಂದ ಬಂದ ಹಣ ಅಲ್ಪ. ಅವನು ಸತ್ತು 14 ವರ್ಷಗಳಾದ ಮೇಲೆ, 1889ರಲ್ಲಿ, ಅದೇ ಚಿತ್ರ ಹರಾಜಿನಲ್ಲಿ 5 ಲಕ್ಷ ಫ್ರಾಂಕುಗಳಿಗೂ ಮೀರಿದ ಬೆಲೆಗೆ ಹೋಯಿತು. ಅಷ್ಟರಲ್ಲಿ ಚಿತ್ರದ ಒಂದು ಗೆರೆಯೂ ಬದಲಾಗಿರಲಿಲ್ಲ. ಬದಲಾದದ್ದು ಹೆಸರಿನ ತೂಕ. ಬೆಲೆ ಪೇಟೆಯ ಮಾತು. ಮೌಲ್ಯ ಕೃತಿಯ ಮಾತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಹಾಗೆಂದು ಹೆಸರಿಗೆ ಅರ್ಥವಿಲ್ಲವೆಂದಲ್ಲ. ನಮ್ಮ ಕಾನೂನಿನಲ್ಲಿಯೂ ಹೆಸರಿನಿಂದ ವ್ಯತ್ಯಾಸವಾಗುತ್ತದೆ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯನ್ವಯ ರವಿವರ್ಮರ ಕೃತಿಗಳನ್ನು 1979ರಲ್ಲಿ ಕಲಾನಿಧಿಗಳೆಂದು ಸಾರಲಾಯಿತು. ಅವನ್ನು ಖಾಸಗಿಯವರು ದೇಶದಾಚೆಗೆ ಸಾಗಿಸುವಂತಿಲ್ಲ. ಕೃತಿಸ್ವಾಮ್ಯದ ಕಾನೂನಿನಲ್ಲಿ, ಕರ್ತೃವಿನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗೆ ಅವನು ತೀರಿಕೊಂಡ ನಂತರ 60 ವರ್ಷಗಳವರೆಗೆ ರಕ್ಷಣೆಯಿದೆ. ರವಿವರ್ಮರ ವಿಷಯದಲ್ಲಿ ಆ ಅವಧಿ ಎಂದೋ ಮುಗಿದಿದೆ. ಹಳದಣಕರರು ಕಾಲವಾದದ್ದು 1968ರಲ್ಲಿ. ಅವರ ಅಂಥ ಕೃತಿಗಳ ಅವಧಿ 2028ರ ಕೊನೆಯವರೆಗೆ ಸಾಗುತ್ತದೆ. ತನ್ನ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಆ ಕಾಯಿದೆಯ 57ನೆಯ ಕಲಂ ಪ್ರತ್ಯೇಕವಾಗಿ ಎತ್ತಿಹೇಳಿದೆ. ಹಕ್ಕನ್ನು ಮಾರಿದ ಮೇಲೂ ಕರ್ತೃವಿಗೆ ಅದು ಉಳಿಯುತ್ತದೆ. ಹೀಗೆ, ತಪ್ಪು ಹೆಸರಿನಿಂದ ಆಗುವುದು ಕೇವಲ ಪರೀಕ್ಷೆಯ ಅರ್ಧ ಅಂಕದ ನಷ್ಟವಲ್ಲ.

ರವಿವರ್ಮರದಲ್ಲವೆಂದು ತಿಳಿದ ಮೇಲೆ ದೀಪದ ಚಿತ್ರದ ಸೊಗಸು ಕಡಮೆಯಾಯಿತೇ? ಆಗಲಿಲ್ಲ. ಬದಲಾಗಿ ನಾವು ಅದನ್ನು ಸರಿಯಾಗಿ ನೋಡತೊಡಗುತ್ತೇವೆ. ಪುರಾಣದ ನಾಯಕಿಯ ಬದಲು ಒಬ್ಬ ತಂದೆ ಕಂಡ ಮಗಳು ಕಾಣುತ್ತಾಳೆ. ಅರಮನೆಯ ತೈಲವರ್ಣದ ಬದಲು ತಿದ್ದಲು ಎಡೆಯಿಲ್ಲದ ಜಲವರ್ಣದ ಎದೆಗಾರಿಕೆ ಕಾಣುತ್ತದೆ. ರವಿವರ್ಮರಿಗೂ ಇದರಿಂದ ನಷ್ಟವಿಲ್ಲ. ಅವರ ಕೀರ್ತಿಗೆ ಅವರ ಚಿತ್ರಗಳೇ ಸಾಕು.

ನಿಮ್ಮ ಮನೆಯ ಗೋಡೆ

ಕೊನೆಯದಾಗಿ ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಹಳೆಯ ಪಟವಿದ್ದರೆ ಹಗಲು ಬೆಳಕಿನಲ್ಲಿ ನೋಡಿ. ಭೂತಗನ್ನಡಿ ಹಿಡಿದಾಗ ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಕಂಡರೆ ಅದು ಅಚ್ಚು. ಕುಂಚದ ಗುರುತು, ಬಣ್ಣದ ದಪ್ಪ ಪದರ ಕಂಡರೆ ಕೈಯಿಂದ ಬರೆದದ್ದಿರಬಹುದು. ಕೆಲವು ಅಚ್ಚುಗಳಿಗೆ ವಾರ್ನಿಷ್ ಬಳಿದು, ಕ್ಯಾನ್‌ವಾಸಿನಂತೆ ಒರಟು ಮಾಡಿರುತ್ತಾರೆ, ಮೋಸಹೋಗಬೇಡಿ. ಕೆಳ ಅಂಚಿನಲ್ಲಿ ಮುದ್ರಣಾಲಯದ ಹೆಸರಿದೆಯೇ ನೋಡಿ. ಹಿಂಬದಿಯಲ್ಲಿ ಕಟ್ಟು ಹಾಕಿದ ಅಂಗಡಿಯ ಚೀಟಿಯಿದ್ದರೆ ಬರೆದಿಟ್ಟುಕೊಳ್ಳಿ. ಚೀಟಿಯನ್ನು ಕೀಳಬೇಡಿ, ಪಟವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕಟ್ಟನ್ನು ಬಿಚ್ಚಬೇಡಿ.

ಆಮೇಲೆ ಮನೆಯ ಹಿರಿಯರನ್ನು ಕೇಳಿ. ಇದನ್ನು ಯಾರು ತಂದರು, ಎಲ್ಲಿಂದ ತಂದರು, ಯಾವ ಮದುವೆಯ ಉಡುಗೊರೆ? ಅಜ್ಜಿ ಹೇಳಿದ್ದನ್ನು ತಾರೀಖು ಹಾಕಿ ಬರೆದಿಡಿ. ಅಜ್ಜಿಯ ಮಾತು ಸಾಕ್ಷ್ಯ. ಆದರೆ ಅದೊಂದೇ ತೀರ್ಪಲ್ಲ. ಅದನ್ನು ಉಳಿದ ಸಾಕ್ಷ್ಯಗಳೊಡನೆ ಕೂಡಿಸಿ ನೋಡಿ. ಗೊತ್ತಾದಷ್ಟನ್ನು ಹೇಳಿ, ಗೊತ್ತಾಗದ ಕಡೆ 'ಕರ್ತೃ ತಿಳಿಯದು' ಎಂದು ಬರೆಯಿರಿ. ಇತಿಹಾಸದಲ್ಲಿ ಇದು ನಾಚಿಕೆಯ ಮಾತಲ್ಲ. ತಪ್ಪು ಹೆಸರಿಗಿಂತ ಖಾಲಿ ಜಾಗ ಮೇಲು, ಏಕೆಂದರೆ ಸರಿಯಾದ ಹೆಸರು ಬಂದು ಕೂರಲು ಅಲ್ಲಿ ಎಡೆಯಿರುತ್ತದೆ.

ಇನ್ನೊಮ್ಮೆ ಆ ದೀಪದ ಹುಡುಗಿಯ ಪಟ ಕಣ್ಣಿಗೆ ಬಿದ್ದಾಗ ಯಾರಾದರೂ "ರವಿವರ್ಮನದು" ಎಂದರೆ, ಜಗಳವಾಡದೆ, 1906 ಮತ್ತು 1916 ಎಂಬ ಎರಡು ಅಂಕಿಗಳನ್ನು ಅವರ ಮುಂದಿಡಿ. ಬಳಿಕ ಹಳದಣಕರರ ಹೆಸರು ಹೇಳಿ. ಒಂದು ಹೆಸರನ್ನು ಅದರ ಸ್ಥಾನಕ್ಕೆ ಮರಳಿಸಿದ ಕೆಲಸ ನಿಮ್ಮದಾಗುತ್ತದೆ.